ತಿರುಗುವ ರೋಟರ್‌ಗೆ ಮುಟ್ಟದೆಯೇ ವಿದ್ಯುತ್: ಅಯಸ್ಕಾಂತವಿಲ್ಲದ ಮೋಟಾರ್‌ನತ್ತ ಹೆಜ್ಜೆ

ನಿಂತಿರುವ ಯಂತ್ರಕ್ಕೆ ತಂತಿ ಎಳೆದು ವಿದ್ಯುತ್ ಕೊಡುವುದು ಸುಲಭ. ಆದರೆ ನಿಮಿಷಕ್ಕೆ ಸಾವಿರಾರು ಸುತ್ತು ತಿರುಗುವ ಭಾಗಕ್ಕೆ ವಿದ್ಯುತ್ ತಲುಪಿಸುವುದು ಹೇಗೆ? ವಿದ್ಯುತ್ ಮೋಟಾರ್‌ನಷ್ಟೇ ಹಳೆಯದಾದ ಈ ಪ್ರಶ್ನೆಗೆ ವಿದ್ಯುತ್ ಕಾರುಗಳ ಯುಗದಲ್ಲಿ ಹೊಸ ಮಹತ್ವ ಬಂದಿದೆ. ಉತ್ತರ ಸಮರ್ಪಕವಾಗಿದ್ದರೆ, ಬೆರಳೆಣಿಕೆಯ ಮೂಲಗಳಿಂದ ಮಾತ್ರ ದೊರೆಯುವ ದುಬಾರಿ ಅಯಸ್ಕಾಂತಗಳ ಹಂಗಿಲ್ಲದೆ ಕಾರು ಓಡಿಸಬಹುದು ಎಂಬುದೇ ಇದಕ್ಕೆ ಕಾರಣ.

ಅಯಸ್ಕಾಂತದ ಅವಲಂಬನೆ

ಮೋಟಾರ್‌ನಲ್ಲಿ ಎರಡು ಮುಖ್ಯ ಭಾಗಗಳಿವೆ. ಹೊರಗಿನ ಸ್ಥಿರ ಭಾಗ ಸ್ಟೇಟರ್. ಒಳಗೆ ತಿರುಗುವುದು ರೋಟರ್. ಎರಡರ ಕಾಂತಕ್ಷೇತ್ರಗಳ ಸೆಳೆತದಿಂದ ಚಲನೆ ಉಂಟಾಗುತ್ತದೆ. ಇಂದಿನ ಬಹುಪಾಲು ವಿದ್ಯುತ್ ಕಾರುಗಳ ರೋಟರ್‌ನಲ್ಲಿ ನಿಯೋಡಿಮಿಯಂ ಆಧಾರಿತ ಶಾಶ್ವತ ಅಯಸ್ಕಾಂತಗಳಿರುತ್ತವೆ. ಶಾಖದಲ್ಲೂ ಅವು ಶಕ್ತಿಗುಂದದಂತೆ ಡಿಸ್‌ಪ್ರೋಸಿಯಂ, ಟರ್ಬಿಯಂ ಎಂಬ ವಿರಳ ಭೂಲೋಹಗಳನ್ನು ಬೆರೆಸಲಾಗುತ್ತದೆ.

ಇಂತಹ ಅಯಸ್ಕಾಂತಗಳ ತಯಾರಿಕೆಯಲ್ಲಿ ಚೀನಾದ ಪಾಲು ಶೇ. 90ಕ್ಕೂ ಹೆಚ್ಚು. 2025ರ ಏಪ್ರಿಲ್‌ನಲ್ಲಿ ಆ ದೇಶ ಡಿಸ್‌ಪ್ರೋಸಿಯಂ, ಟರ್ಬಿಯಂ ಸೇರಿದಂತೆ 7 ವಿರಳ ಲೋಹಗಳ ರಫ್ತಿಗೆ ಪರವಾನಗಿ ಕಡ್ಡಾಯಗೊಳಿಸಿದಾಗ ಭಾರತದ ವಾಹನ ತಯಾರಕರಿಗೂ ಬಿಸಿ ತಟ್ಟಿತು. ದೇಶದಲ್ಲೇ ಅಯಸ್ಕಾಂತ ತಯಾರಿಸುವ 7,280 ಕೋಟಿ ರೂ. ಯೋಜನೆಗೆ ಕೇಂದ್ರ ಸಚಿವ ಸಂಪುಟ ಅದೇ ವರ್ಷದ ನವೆಂಬರ್‌ನಲ್ಲಿ ಒಪ್ಪಿಗೆ ನೀಡಿತು.

ಅಯಸ್ಕಾಂತದ ಬದಲು ರೋಟರ್‌ಗೆ ತಾಮ್ರದ ತಂತಿ ಸುತ್ತಿ, ಅದರಲ್ಲಿ ವಿದ್ಯುತ್ ಹರಿಸಿ ಕಾಂತಕ್ಷೇತ್ರ ಪಡೆಯುವುದು ಇನ್ನೊಂದು ದಾರಿ. ಆದರೆ ತಿರುಗುವ ಆ ತಂತಿಗೆ ವಿದ್ಯುತ್ ತಲುಪಿಸಬೇಕಲ್ಲ?

ಬ್ರಷ್‌ನ ಮಿತಿ

ಇದಕ್ಕೆ ಸಾಂಪ್ರದಾಯಿಕ ಉತ್ತರ ಕಾರ್ಬನ್ ಬ್ರಷ್. ಮೋಟಾರ್‌ನ ದಂಡಕ್ಕೆ ಸ್ಲಿಪ್ ರಿಂಗ್ ಎಂಬ ಲೋಹದ ಉಂಗುರಗಳನ್ನು ಜೋಡಿಸಿ, ಅವುಗಳಿಗೆ ಇಂಗಾಲದ ತುಂಡುಗಳನ್ನು ಒತ್ತಿ ಹಿಡಿಯಲಾಗುತ್ತದೆ. ಉಜ್ಜುವ ಜಾಗದಲ್ಲಿ ವಿದ್ಯುತ್ ದಾಟುತ್ತದೆ. ಅಡುಗೆಮನೆಯ ಮಿಕ್ಸಿಯಲ್ಲಿ ಕಿಡಿ ಹಾರಿಸಿ, ಕೆಲವು ವರ್ಷಗಳಲ್ಲಿ ಸವೆದು, ರಿಪೇರಿ ಅಂಗಡಿಯ ಹಾದಿ ಹಿಡಿಸುವುದು ಇದೇ ಜಾತಿಯ ಬ್ರಷ್.

ರೆನೋ ಕಂಪನಿಯ ಝೋಯಿ ಕಾರು ಈ ವಿಧಾನವನ್ನೇ ಬಳಸಿತ್ತು. ಬಿಎಂಡಬ್ಲ್ಯು 2020ರಲ್ಲಿ ಹೊರತಂದ ಐಎಕ್ಸ್3 ಕಾರಿನ ಅಯಸ್ಕಾಂತರಹಿತ ಮೋಟಾರ್‌ನಲ್ಲೂ ಬ್ರಷ್‌ಗಳಿದ್ದವು. ವಿಧಾನ ವಿಶ್ವಾಸಾರ್ಹವೇ ಆದರೂ ಬ್ರಷ್ ಸವೆಯುತ್ತದೆ, ಇಂಗಾಲದ ಪುಡಿ ಉದುರುತ್ತದೆ. ಆ ಪುಡಿ ಉಳಿದ ಭಾಗಗಳಿಗೆ ತಗುಲದಂತೆ, ತಂಪುಕಾರಕ ಎಣ್ಣೆ ಬ್ರಷ್‌ಗೆ ಸೋಕದಂತೆ ಪ್ರತ್ಯೇಕ ಕೋಣೆ ಬೇಕಾಗುತ್ತದೆ. ಮೋಟಾರ್‌ನ ಉದ್ದವೂ ಹೆಚ್ಚುತ್ತದೆ.

ಮುಟ್ಟದೆ ದಾಟುವ ಬಗೆ

1831ರಲ್ಲಿ ಮೈಕೆಲ್ ಫ್ಯಾರಡೆ ಕಂಡುಹಿಡಿದ ವಿದ್ಯುತ್ಕಾಂತೀಯ ಪ್ರೇರಣೆಯೇ ಹೊಸ ವಿಧಾನದ ತಳಹದಿ. ಒಂದು ಸುರುಳಿಯಲ್ಲಿ ವಿದ್ಯುತ್ ಬದಲಾಗುತ್ತಿದ್ದರೆ ಪಕ್ಕದ ಸುರುಳಿಯಲ್ಲೂ ವಿದ್ಯುತ್ ಹುಟ್ಟುತ್ತದೆ. ಬೀದಿಬದಿಯ ಟ್ರಾನ್ಸ್‌ಫಾರ್ಮರ್ ಕೆಲಸ ಮಾಡುವುದೂ ಹೀಗೆಯೇ. ಇಲ್ಲಿ ಒಂದು ಸುರುಳಿ ಮೋಟಾರ್‌ನ ಕವಚದಲ್ಲಿ ಸ್ಥಿರವಾಗಿದ್ದರೆ, ಇನ್ನೊಂದು ದಂಡದೊಂದಿಗೆ ತಿರುಗುತ್ತದೆ. ನಡುವೆ ಗಾಳಿಯ ಕಿರಿದಾದ ಅಂತರ ಮಾತ್ರ.

ಬ್ಯಾಟರಿಯ ಏಕಮುಖ ವಿದ್ಯುತ್ತನ್ನು ಮೊದಲು ಸೆಕೆಂಡಿಗೆ ಸಾವಿರಾರು ಬಾರಿ ದಿಕ್ಕು ಬದಲಿಸುವ ಪರ್ಯಾಯ ವಿದ್ಯುತ್ತಾಗಿ ಮಾರ್ಪಡಿಸಲಾಗುತ್ತದೆ. ಅದು ಅಂತರ ದಾಟಿ ತಿರುಗುವ ಸುರುಳಿಯಲ್ಲಿ ಮರುಹುಟ್ಟು ಪಡೆಯುತ್ತದೆ. ದಂಡದ ಮೇಲೆಯೇ ಇರುವ ಡಯೋಡ್‌ಗಳು ಅದನ್ನು ಮತ್ತೆ ಏಕಮುಖಗೊಳಿಸಿ ರೋಟರ್‌ಗೆ ಉಣಿಸುತ್ತವೆ. ಎರಡೂ ಸುರುಳಿಗಳು ಒಂದೇ ಅಕ್ಷದ ಸುತ್ತ ವೃತ್ತಾಕಾರವಾಗಿರುವುದರಿಂದ ರೋಟರ್ ಯಾವ ಕೋನದಲ್ಲಿದ್ದರೂ ವರ್ಗಾವಣೆ ಬದಲಾಗದು. ಅದು ನಿಂತಿದ್ದರೂ ಓಡುತ್ತಿದ್ದರೂ ವಿದ್ಯುತ್ ದಾಟುತ್ತದೆ.

ಜನರೇಟರ್, ವಿಸಿಆರ್‌ನಲ್ಲೂ ಇತ್ತು

ತತ್ವ ಹೊಸದೇನಲ್ಲ. ಒಂದು ಕಾಲದಲ್ಲಿ ಮನೆಮನೆಯಲ್ಲಿದ್ದ ವಿಸಿಆರ್‌ನ ತಿರುಗುವ ಡ್ರಮ್‌ನಿಂದ ಚಿತ್ರಸಂಕೇತ ಹೊರಬರುತ್ತಿದ್ದುದು ಇಂತಹದೇ ತಿರುಗುವ ಟ್ರಾನ್ಸ್‌ಫಾರ್ಮರ್ ಮೂಲಕ. ಅಪಾರ್ಟ್‌ಮೆಂಟ್‌ಗಳ ಡೀಸೆಲ್ ಜನರೇಟರ್‌ಗಳಲ್ಲಿ ಸಾಮಾನ್ಯವಾದ ಬ್ರಷ್‌ರಹಿತ ಆಲ್ಟರ್ನೇಟರ್‌ನಲ್ಲಿ ಅದೇ ದಂಡದ ಮೇಲಿನ ಪುಟ್ಟ ಉತ್ಪಾದಕವೊಂದು ರೋಟರ್‌ಗೆ ವಿದ್ಯುತ್ ಒದಗಿಸುತ್ತದೆ. ಆದರೆ ದಂಡ ತಿರುಗಿದರಷ್ಟೇ ಅದರಲ್ಲಿ ವಿದ್ಯುತ್ ಹುಟ್ಟುತ್ತದೆ. ಸಿಗ್ನಲ್‌ನಲ್ಲಿ ನಿಂತ ಕಾರು ಹಸಿರು ದೀಪ ಕಂಡೊಡನೆ ಪೂರ್ಣ ಬಲದಿಂದ ಹೊರಡಬೇಕಾದ್ದರಿಂದ ಆ ವ್ಯವಸ್ಥೆ ಕಾರಿಗೆ ಒಗ್ಗದು.

ಇಂಡಕ್ಷನ್ ಮೋಟಾರ್‌ನಲ್ಲೂ ರೋಟರ್‌ಗೆ ವಿದ್ಯುತ್ ಮುಟ್ಟದೆಯೇ ಬರುತ್ತದೆ. ಬೆಂಗಳೂರಿನ ರೇವಾ ಕಾರು ಡಿಸಿ ಮೋಟಾರ್‌ನಿಂದ ಆರಂಭಿಸಿ, ರೇವಾ-ಐ ಮಾದರಿಯ ವೇಳೆಗೆ ಇಂಡಕ್ಷನ್ ಮೋಟಾರ್‌ಗೆ ಹೊರಳಿತ್ತು. ಅಲ್ಲಿ ರೋಟರ್‌ನ ವಿದ್ಯುತ್ತನ್ನು ಬೇರೆಯಾಗಿ ನಿಯಂತ್ರಿಸಲಾಗದು. ಹೊಸ ವಿಧಾನದಲ್ಲಿ ಅದು ಸಾಧ್ಯ. ಹೆದ್ದಾರಿಯ ವೇಗದಲ್ಲಿ ಕಾಂತಕ್ಷೇತ್ರವನ್ನು ತಗ್ಗಿಸಿ ನಷ್ಟ ಕಡಿಮೆ ಮಾಡಬಹುದು. ದೋಷ ಕಂಡರೆ ಪೂರ್ತಿ ಆರಿಸಲೂಬಹುದು. ಶಾಶ್ವತ ಅಯಸ್ಕಾಂತವನ್ನು ಹಾಗೆ ಆರಿಸಲು ಬಾರದು.

ಕಂಪನಿಗಳ ಪೈಪೋಟಿ

ಜರ್ಮನಿಯ ಮಾಹ್ಲೆ ಕಂಪನಿ 2021ರಲ್ಲಿ ಈ ಬಗೆಯ ಮೋಟಾರ್ ಪ್ರಕಟಿಸಿ, ಬಹುತೇಕ ಎಲ್ಲ ಸನ್ನಿವೇಶಗಳಲ್ಲೂ ದಕ್ಷತೆ ಶೇ. 95ಕ್ಕಿಂತ ಹೆಚ್ಚು ಎಂದು ಹೇಳಿಕೊಂಡಿತು. 2023ರಲ್ಲಿ ಅದೇ ದೇಶದ ಜೆಡ್‌ಎಫ್, ವಿದ್ಯುತ್ ವರ್ಗಾಯಿಸುವ ಸಾಧನವನ್ನು ರೋಟರ್ ದಂಡದ ಒಳಗೇ ಅಡಗಿಸಿದ ಮಾದರಿ ತೋರಿಸಿತು. ಸ್ಲಿಪ್ ರಿಂಗ್‌ಗೆ ಹೋಲಿಸಿದರೆ 90 ಮಿ.ಮೀ.ವರೆಗೆ ಉದ್ದ ಉಳಿಯುತ್ತದೆ ಎಂಬುದು ಕಂಪನಿಯ ಹೇಳಿಕೆ. 2024ರಲ್ಲಿ ಮಾಹ್ಲೆ ಮತ್ತು ಫ್ರಾನ್ಸಿನ ವ್ಯಾಲಿಯೊ ದೊಡ್ಡ ಕಾರುಗಳಿಗಾಗಿ ಜಂಟಿ ಅಭಿವೃದ್ಧಿ ಘೋಷಿಸಿದವು.

ಉಳಿದಿರುವ ಸವಾಲು

ಅಕ್ಷದಿಂದ 3 ಸೆಂ.ಮೀ. ದೂರದಲ್ಲಿ, ನಿಮಿಷಕ್ಕೆ 15,000 ಸುತ್ತಿನ ವೇಗದಲ್ಲಿ ತಿರುಗುವ 1 ಗ್ರಾಂ ತೂಕದ ಡಯೋಡ್‌ನ ಮೇಲೆ ಸುಮಾರು ಏಳೂವರೆ ಕಿಲೋ ಭಾರಕ್ಕೆ ಸಮನಾದ ಕೇಂದ್ರಾಪಗಾಮಿ ಬಲ ಬೀಳುತ್ತದೆ. ಬೆಸುಗೆ ಬಿಡದಂತೆ ವರ್ಷಗಟ್ಟಲೆ ಅದನ್ನು ಹಿಡಿದಿಡಬೇಕು. ತಾಮ್ರದ ಸುರುಳಿ ಕಾಯುವುದರಿಂದ ರೋಟರ್‌ನ ಒಳಗೂ ತಂಪುಗೊಳಿಸುವ ವ್ಯವಸ್ಥೆ ಅಗತ್ಯ. ತಿರುಗುವ ತಂತಿಯಲ್ಲಿ ಎಷ್ಟು ವಿದ್ಯುತ್ ಹರಿಯುತ್ತಿದೆ ಎಂಬುದನ್ನು ನೇರವಾಗಿ ಅಳೆಯಲಾಗದೆ ಹೊರಗಿನಿಂದಲೇ ಅಂದಾಜಿಸಬೇಕಾಗುತ್ತದೆ. ಹೆಚ್ಚುವರಿ ಎಲೆಕ್ಟ್ರಾನಿಕ್ಸ್‌ನ ವೆಚ್ಚ ಬೇರೆ.

ನಗರದೊಳಗಿನ ನಿಧಾನ ಓಡಾಟದಲ್ಲಿ ಶಾಶ್ವತ ಅಯಸ್ಕಾಂತದ ಮೋಟಾರೇ ಈಗಲೂ ಹೆಚ್ಚು ಮಿತವ್ಯಯಿ. ಹೀಗಾಗಿ ಪುಟ್ಟ ಸ್ಕೂಟರ್‌ಗಿಂತ ಹೆದ್ದಾರಿಯಲ್ಲಿ ದೂರ ಕ್ರಮಿಸುವ ದೊಡ್ಡ ಕಾರುಗಳಿಗೆ ಈ ತಂತ್ರಜ್ಞಾನ ಮೊದಲು ಹೊಂದುತ್ತದೆ. ಆದರೆ ವಿರಳ ಲೋಹಗಳಿಗೆ ಪರದೇಶದ ಪರವಾನಗಿಯನ್ನು ಕಾಯಬೇಕಾದ ತಯಾರಕರು ದಕ್ಷತೆಯ ಜೊತೆಗೆ ತಾಮ್ರ, ಉಕ್ಕಿನ ಸುಲಭ ಲಭ್ಯತೆಯನ್ನೂ ಲೆಕ್ಕಕ್ಕೆ ಹಿಡಿಯಬೇಕಾಗಿದೆ.