ಮೌದಾ ರಸ್ತೆಯಲ್ಲಿ ಒಂದು ಜಿಲ್ಲೆಯ ಕಥೆ

ನಾನು ಹುಟ್ಟಿದ್ದು ಮಾಗಡಿ ಸೀಮೆಯ ಹಳ್ಳಿಯಲ್ಲಿ. ಆಗ ಅದು ಬೆಂಗಳೂರು ಜಿಲ್ಲೆ. 1986ರಲ್ಲಿ ಜಿಲ್ಲೆ ಒಡೆದು ಬೆಂಗಳೂರು ಗ್ರಾಮಾಂತರ ಆಯ್ತು, 2007ರಲ್ಲಿ ಅದರಿಂದ ಬೇರೆಯಾಗಿ ರಾಮನಗರ ಆಯ್ತು, 2025ರ ಮೇನಲ್ಲಿ ರಾಜ್ಯ ಸರ್ಕಾರ ಅದನ್ನೂ ಬದಲಿಸಿ ಬೆಂಗಳೂರು ದಕ್ಷಿಣ ಎಂದಿತು. ನಮ್ಮ ಹಿತ್ತಿಲ ಹುಣಸೆಮರ ಮಾತ್ರ ಇದ್ದಲ್ಲೇ ಇದೆ. ಮೊನ್ನೆ ಪಾಸ್‌ಪೋರ್ಟ್ ಅರ್ಜಿ ತುಂಬುತ್ತಿದ್ದ ಮಗ "ಅಪ್ಪಾ, ನಿನ್ನ ಜಿಲ್ಲೆ ಯಾವುದು?" ಅಂದಾಗ ತಟ್ಟನೆ ಉತ್ತರ ಹೊಳೆಯಲಿಲ್ಲ ನೋಡಿ.

ನಾಗಪುರಕ್ಕೆ ಬಂದು ಮೂವತ್ತು ವರ್ಷ ದಾಟಿತು. ನಿವೃತ್ತಿಯಾದ ಮೇಲೆ ಇರೋಣವೆಂದು ಮೌದಾ ಕಡೆ ಸಣ್ಣ ಜಾಗ ಹುಡುಕುತ್ತಿದ್ದೇನೆ. ಭಂಡಾರಾ ರಸ್ತೆಯಲ್ಲಿ ಪೂರ್ವಕ್ಕೆ ಹೋದರೆ ಕನ್ಹಾನ್ ನದಿ ದಂಡೆಯ ಊರು. ಎನ್‌ಟಿಪಿಸಿಯ 2,320 ಮೆಗಾವ್ಯಾಟ್ ವಿದ್ಯುತ್ ಸ್ಥಾವರ ಇರುವುದು ಇದೇ ತಾಲೂಕಿನಲ್ಲಿ. ಸುತ್ತ ಭತ್ತದ ಗದ್ದೆ.

ಭತ್ತ ಕಂಡು ಆಶ್ಚರ್ಯಪಡಬೇಡಿ. ನಾಗಪುರ ಅಂದರೆ ಕಿತ್ತಳೆ ಅಂತ ನಾವೆಲ್ಲ ಓದಿದ್ದು ಜಿಲ್ಲೆಯ ಅರ್ಧ ಮಾತ್ರ. ಪಶ್ಚಿಮದ ಕಾಟೋಲ್, ನರಖೇಡ್ ಕಡೆ ಕಪ್ಪು ಮಣ್ಣು, ಹತ್ತಿ, ಕಿತ್ತಳೆ. ಅಲ್ಲಿಯ ನೀರು ವರ್ಧಾ ನದಿಗೆ. ಪೂರ್ವದ ರಾಮಟೇಕ್, ಮೌದಾ ಕಡೆ ಕೆರೆ, ಭತ್ತ. ಇಲ್ಲಿಯ ನೀರು ಕನ್ಹಾನ್ ಸೇರಿ ವೈನ್‌ಗಂಗಾಕ್ಕೆ. ಸಾತ್ಪುಡದಿಂದ ಇಳಿದುಬರುವ ಈ ಕನ್ಹಾನ್ ನೀರನ್ನು ನಗರ ಕಾಮಠಿ ಹತ್ತಿರವೇ ಎತ್ತಿಕೊಳ್ಳುತ್ತದೆ. ಮೌದಾಕ್ಕೆ ಬರುವುದು ಉಳಿದದ್ದು. ನನಗೆ ತಕ್ಷಣ ನೆನಪಾಗುವುದು ನಮ್ಮ ಮಾಗಡಿ ತಾಲೂಕಿನ ತಿಪ್ಪಗೊಂಡನಹಳ್ಳಿ ಜಲಾಶಯ. 1930ರ ದಶಕದಲ್ಲಿ ಅರ್ಕಾವತಿಗೆ ಅಡ್ಡ ಕಟ್ಟಿದ್ದು ಬೆಂಗಳೂರಿನ ಬಾಯಾರಿಕೆಗೆ, ನಮ್ಮ ಹೊಲಕ್ಕಲ್ಲ.

ನಾಗಪುರ ರಾಜಧಾನಿಯಾಗಿದ್ದು ಒಂದೆರಡು ಬಾರಿಯಲ್ಲ. ದೇವಗಢದ ಗೊಂಡ ರಾಜ ಬಖ್ತ್ ಬುಲಂದ್ ಶಾಹ ಕಟ್ಟಿದ ಊರು ಭೋಂಸಲೆಗಳ ಕೈಸೇರಿತು. ಮೂರನೇ ರಘೂಜಿ 1853ರಲ್ಲಿ ಸಂತಾನವಿಲ್ಲದೆ ತೀರಿಕೊಂಡದ್ದೇ ನೆಪವಾಗಿ ಕಂಪನಿ ರಾಜ್ಯವನ್ನು ನುಂಗಿತು. 1861ರಿಂದ ಮಧ್ಯ ಪ್ರಾಂತ್ಯ, ಮುಂದೆ ಮಧ್ಯ ಪ್ರಾಂತ್ಯ ಮತ್ತು ಬೇರಾರ್, 1950ರಿಂದ ಮಧ್ಯಪ್ರದೇಶ: ಎಲ್ಲಕ್ಕೂ ಇದೇ ರಾಜಧಾನಿ. 1956ರ ನವೆಂಬರ್ 1ರಂದು ಎಲ್ಲ ಮುಗಿಯಿತು. ರಾಜಧಾನಿ ಭೋಪಾಲಕ್ಕೆ, ವಿದರ್ಭ ಮುಂಬಯಿ ರಾಜ್ಯಕ್ಕೆ. ನಾವು ರಾಜ್ಯೋತ್ಸವ ಮಾಡುವ ದಿನವೇ ಇವರ ರಾಜಧಾನಿ ಹೋದದ್ದು! ಪ್ರತಿವರ್ಷ ಇಲ್ಲಿ ಬಾವುಟ ಹಾರಿಸುವಾಗ ನನಗೆ ಸ್ವಲ್ಪ ಮುಜುಗರವೇ. 1953ರ ನಾಗಪುರ ಒಪ್ಪಂದದ ಪುಣ್ಯದಿಂದ ಚಳಿಗಾಲದ ಅಧಿವೇಶನ ಉಳಿದಿದೆ. ಬೆಳಗಾವಿ ಕಂಡವರಿಗೆ ಅದರ ಸಂಭ್ರಮ, ಅದರ ಆಯುಷ್ಯ ಎರಡೂ ಗೊತ್ತು.

ಆದರೆ ಬೆಂಗಳೂರಿನ ಹಾಗೆ ಈ ಜಿಲ್ಲೆಯನ್ನು ನಗರ, ಗ್ರಾಮಾಂತರ ಅಂತ ಹೋಳು ಮಾಡಲಿಲ್ಲ. ಇಂಗ್ಲಿಷರ ಕಾಲದ ಗೆಜೆಟಿಯರ್‌ನಲ್ಲಿ ನಾಗಪುರ, ರಾಮಟೇಕ್, ಉಮ್ರೇಡ್, ಕಾಟೋಲ್ ಎಂದು ನಾಲ್ಕೇ ತಹಸೀಲು, ಮೌದಾದ ಹೆಸರಿಲ್ಲ. ಈಗ 14 ತಾಲೂಕು, ಎಲ್ಲಕ್ಕೂ ಸಿವಿಲ್ ಲೈನ್ಸ್‌ನ ಒಬ್ಬರೇ ಕಲೆಕ್ಟರ್. ಹೋಳಾಗಿರುವುದು ವೋಟಿನಲ್ಲಿ: ನಗರಕ್ಕೊಂದು ಲೋಕಸಭಾ ಕ್ಷೇತ್ರ, ಅದರ ಸುತ್ತ ಉಂಗುರದಂತೆ ರಾಮಟೇಕ್ ಕ್ಷೇತ್ರ. ನರಸಿಂಹರಾಯರು 1984, 1989ರಲ್ಲಿ ಗೆದ್ದದ್ದು ಈ ಉಂಗುರದಿಂದಲೇ.

ಹಾಗಂತ ನಗರ ಸುಮ್ಮನಿಲ್ಲ. 2017ರಲ್ಲಿ ಬಂದ ಮಹಾನಗರ ಪ್ರದೇಶ ಅಭಿವೃದ್ಧಿ ಪ್ರಾಧಿಕಾರದ ನಕ್ಷೆಯೊಳಗೆ ಮೌದಾ ತಾಲೂಕಿನ ಹಳ್ಳಿಗಳೂ ಇವೆ. ಜಾಗ ತೋರಿಸಿದ ರೈತ ಕಾಕಾ ಅಂದರು, "ಮೊದಲು ಸರಪಂಚರನ್ನು ಕೇಳಿದರೆ ಆಗ್ತಿತ್ತು. ಈಗ ಮಗನ ಮದುವೆಗೆ ಒಂದು ಕೋಣೆ ಹಾಕಬೇಕಂದ್ರೂ ನಾಗಪುರಕ್ಕೆ ಹೋಗಬೇಕು. ನಿಮ್ಮಂಥವರು ಬಂದ ಮೇಲೇ ಇದೆಲ್ಲ." ಅದು ನನಗೇ ಹೇಳಿದ ಮಾತು. ಏನೂ ಹೇಳಲಾಗದೆ ಚಹಾ ಕುಡಿದು ಎದ್ದೆ. ನಮ್ಮ ಹಳ್ಳಿಗೆ ಸೈಟು ನೋಡಲು ಕಾರಿನಲ್ಲಿ ಬರುತ್ತಿದ್ದ ಬೆಂಗಳೂರಿನವರ ಬಗ್ಗೆ ನಮ್ಮಪ್ಪನೂ ಹೀಗೇ ಹೇಳುತ್ತಿದ್ದರು.

ಅಂದ ಹಾಗೆ, ಅರ್ಜಿಯಲ್ಲಿ ಮಗ ರಾಮನಗರ ಎಂದು ತುಂಬಿದ. ನನ್ನ ಜನನ ಪತ್ರದಲ್ಲಿರುವುದು ಬೆಂಗಳೂರು ಜಿಲ್ಲೆ. ಜಾಗಕ್ಕೆ ಇನ್ನೂ ಮುಂಗಡ ಕೊಟ್ಟಿಲ್ಲ.