ಯಲ್ಲಮ್ಮನ ಗುಡ್ಡದ ಪಡಲಗಿ

ಈಗ ಟಿವಿಯೊಳಗ ಕರಾವಳಿ ಕಡೆ ಮೀನಿನ ಮೇಳ, ಬೆಂಗಳೂರಾಗ ಆಹಾರ ಮೇಳ ಅಂತ ತೋರಸ್ತಾರ. ಬಯಲಾಗ ಮಂದಿ ನೆರೆದು, ಅಡಗಿ ಮಾಡಿ, ಹಂಚಿಕೊಂಡು ಉಣ್ಣೂದು ನಮಗೇನು ಹೊಸಾದಲ್ಲ. ಸವದತ್ತಿ ಯಲ್ಲಮ್ಮನ ಗುಡ್ಡದ ಜಾತ್ರಿ ಅಂದ್ರ ಅದ ಅಲ್ಲೇನ್ರಿ? ಬನದ ಹುಣ್ಣಿಮಿ, ಭಾರತ ಹುಣ್ಣಿಮಿಗೆ ಗುಡ್ಡದ ಮ್ಯಾಲ ಲಕ್ಷಗಟ್ಟಲೆ ಮಂದಿ. ಎಲ್ಲಿ ನೋಡಿದ್ರೂ ಭಂಡಾರ, ಹೊಗಿ, ಹೋಳಗಿ ವಾಸನಿ.

ಗುಡಿ 1514ರಾಗ ರಾಯಬಾಗದ ಬೊಮ್ಮಪ್ಪ ನಾಯಕ ಕಟ್ಟಿಸಿದ ಅಂತ ಹೇಳತಾರ. ಗುಡಿ ಚರಿತ್ರಿ ಪುಸ್ತಕದಾಗ ಸಿಗತೈತಿ. ಆದ್ರ ಗುಡ್ಡದ ಮ್ಯಾಲ ಒಲಿ ಹೂಡಿದ ಹೆಣ್ಮಕ್ಕಳ ಚರಿತ್ರಿ ಯಾರೂ ಬರದಿಲ್ಲ. ಅದಕ್ಕ ನನಗ ಗೊತ್ತಿದ್ದಷ್ಟು ಇಲ್ಲೆ ಬರೀತೇನಿ.

ಕಥಿ ನಿಮಗೆಲ್ಲಾ ಗೊತ್ತೈತಿ. ಜಮದಗ್ನಿ ತೀರಿಕೊಂಡಾಗ ರೇಣುಕಾ ಬಳಿ ಒಡಕೊಂಡಳು. ಅದಕ್ಕ ಹೊಸ್ತಿಲ ಹುಣ್ಣಿಮಿಗೆ ರಂಡಿ ಹುಣ್ಣಿಮಿ ಅಂತಾರ. ಗಂಡ ಮತ್ತ ಜೀವ ಪಡದು ಎದ್ದ ಮ್ಯಾಲ ಬಳಿ ಇಟಗೊಂಡಳು, ಅದು ಭಾರತ ಹುಣ್ಣಿಮಿ, ಮುತ್ತೈದಿ ಹುಣ್ಣಿಮಿ. ಆ ಸಂತೋಷಕ್ಕ ಪಡಲಗಿ ತುಂಬಸೂದು. ಇನ್ನೊಂದು ಕಾರಣ ನಮ್ಮ ಆಯಿ ಹೇಳತಿದ್ಲು: "ಆ ಹೊತ್ತಿಗೆ ಶೇಂಗಾ, ಸಜ್ಜಿ, ಹೆಸರು ಮನಿಗೆ ಬಂದಿರತಾವು. ಹೊಲದಾಗ ಹಸಿ ಕಡ್ಲಿ, ಸೀತನಿ ಇರತಾವು. ಬದನಿಕಾಯಿ ಎಳೇವು ಇರತಾವು. ಕೈಯಾಗ ಕಾಳಿದ್ದಾಗ ದೇವರು ನೆನಪಾಗೂದು." ಆಯಿ ಮಾತು ಖರೇ ಐತಿ ನೋಡ್ರಿ.

ನಮ್ಮ ತವರು ಕಿತ್ತೂರ ಕಡೆ. ಆಗ ಚಕ್ಕಡಿ ಹೂಡಿಕೊಂಡು ಹೋಗೂದು, ನಡುವ ಒಂದು ರಾತ್ರಿ ವಸ್ತಿ. ಬುತ್ತಿಗೆ ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಗುರೆಳ್ಳ ಚಟ್ನಿ, ಶೇಂಗಾ ಹೋಳಗಿ. ಇವು ನಾಕ ದಿನ ಕೆಡೂದಿಲ್ಲ. ಜೋಗುಳಬಾವ್ಯಾಗ ಜಳಕಾ ಮಾಡಿ, ಗುಡ್ಡ ಹತ್ತಿ, ಮೂರು ಕಲ್ಲಿಟ್ಟು ಒಲಿ ಹೂಡಿದ್ರ ಅದ ನಮ್ಮ ಮನಿ. ಗಂಡಸರು ನೀರು, ಕಟಗಿ ತರತಿದ್ರು. ಹೋಳಗಿ, ಕಡಬು, ಅನ್ನ, ಬದನಿಕಾಯಿ ಪಲ್ಯಾ, ಉಸಳಿ ಹೆಣ್ಮಕ್ಕಳ ಕೆಲಸ. ಬಿದಿರಿನ ಪಡಲಗಿಯೊಳಗ ಎಲ್ಲಾ ಇಟ್ಟು, ಎಲಿ ಅಡಿಕಿ, ಬಾಳಿಹಣ್ಣು ಇಟ್ಟು, "ಉಧೋ ಉಧೋ" ಅಂದು ನೈವೇದ್ಯ ಮಾಡೂದು. ಆಮ್ಯಾಲ ಮುಖ್ಯದ್ದು: ಬಾಜು ಒಲಿಯವರಿಗೆ ಕೊಡೂದು, ಅವರದ್ದು ತಗೊಳ್ಳೂದು. ನೀವು ಯಾವೂರವರು, ಯಾವ ಮಂದಿ ಅಂತ ಯಾರೂ ಕೇಳತಿದ್ದಿಲ್ಲ. ಊರಾಗ ಒಬ್ಬರ ಮನಿ ನೀರು ಒಬ್ಬರು ಕುಡೀಲಾರದವರು ಗುಡ್ಡದಾಗ ಹೋಳಗಿ ಹಂಚಿಕೊಂಡು ಉಣತಿದ್ರು.

ಇಷ್ಟ ಬರದು ನಿಲ್ಲಿಸಿದ್ರ ಅರ್ಧಾ ಚರಿತ್ರಿ ಆಗತೈತಿ. ಯಾಕಂದ್ರ ಪಡಲಗಿ ಹಿಡದವರು ಇನ್ನೊಬ್ಬರಿದ್ರು. ಮಂಗಳವಾರ, ಶುಕ್ರವಾರ ಬಾಗಲಿಗೆ ಜೋಗ ಬೇಡಾಕ ಬರತಿದ್ದ ಜೋಗತೇರು. ನಾವು ವರ್ಷಕ್ಕೊಮ್ಮೆ ತುಂಬಿದ ಪಡಲಗಿ ಇಟಗೊಂಡು ಹಾಡತಿದ್ವಿ, ಅವರು ವರ್ಷಾನಗಟ್ಟಲೆ ಬರೇ ಪಡಲಗಿ ಹೊತಗೊಂಡು ತಿರುಗತಿದ್ರು.

1979ರಾಗ ನಾ ನಾಕನೇತ್ತಾ ಇದ್ದೆ. ನಮ್ಮ ಓಣ್ಯಾಗ ನನ್ನ ವಾರಿಗಿ ಹುಡಿಗಿ ಇದ್ಲು, ಲೆಕ್ಕದಾಗ ನನಕಿಂತ ಜೋರು. ಆಕಿ ತಲಿಯೊಳಗ ಜಟಿ ಬಂತು. ಯಲ್ಲಮ್ಮ ಕರದಾಳಂತ ಮನಿಯವರು ಜಾತ್ರಿಗೆ ಕರಕೊಂಡು ಹೋಗಿ ಮುತ್ತು ಕಟ್ಟಿಸಿದ್ರು. ಸಾಲಿ ಅಲ್ಲಿಗೆ ಮುಗೀತು. ಮುಂದ ಕೆಲವು ವರ್ಷಕ್ಕ ಆಕಿನ ಪಡಲಗಿ ಹಿಡದು ನಮ್ಮ ಬಾಗಲಿಗೆ ಬಂದಾಗ, ನಮ್ಮವ್ವ ಮರದಾಗ ಜೋಳ ತಂದು ಹಾಕಿ, ಆಕಿ ಮಾರಿ ನೋಡಲಾರದ ಒಳಗ ಬಂದ್ಲು. ಜಟಿ ಅಂದ್ರ ಎಣ್ಣಿ ಹಚ್ಚಿ ಬಾಚಲಾರದ ಗಂಟಾದ ಕೂದಲಾ, ಕತ್ತರಿಸಿದ್ರ ಹೋಗತೈತಿ ಅಂತ ಆಗ ಯಾರೂ ಗಟ್ಟಿಯಾಗಿ ಹೇಳಲಿಲ್ಲ.

1934ರಾಗನ ಮುಂಬೈ ಸರಕಾರ ದೇವದಾಸಿ ಕಾಯ್ದೆ ಮಾಡಿತ್ತು, ನಮ್ಮ ಜಿಲ್ಲಾ ಆಗ ಮುಂಬೈ ಪ್ರಾಂತದಾಗ ಇತ್ತು. ಕಾಗದದಾಗ ಉಳೀತು. 1982ರಾಗ ಕರ್ನಾಟಕ ಬಿಗಿ ಕಾಯ್ದೆ ಮಾಡಿತು. ಮುತ್ತು ಕಟ್ಟಿದವರಿಗೆ, ಅದರಾಗ ಕೂಡಿದವರಿಗೆ 3 ವರ್ಷದ ತನಕ ಜೈಲು, ಹಡದವರ ಕಟ್ಟಿಸಿದ್ರ 5 ವರ್ಷದ ತನಕ. ನಮ್ಮ ಓಣಿ ಹುಡಿಗಿಗೆ ಮೂರು ವರ್ಷ ತಡಾ ಆತು.

ಬರೇ ಕಾಯ್ದೆಯಿಂದ ಆದ ಕೆಲಸಲ್ಲ ಇದು. ನಮ್ಮ ಬೆಳಗಾವಿ ಜಿಲ್ಲಾದ ಸೀತವ್ವ ಜೋಡಟ್ಟಿ ಅವರು ಸಣ್ಣಾಕಿ ಇದ್ದಾಗ ದೇವದಾಸಿ ಆದವರು. ಮುಂದ ತಮ್ಮಂಥವರನ್ನ ಕೂಡಿಸಿ ಘಟಪ್ರಭಾದಾಗ ಮಾಸ್ ಅನ್ನೂ ಸಂಸ್ಥಾದಿಂದ ದುಡದ್ರು. 2018ರಾಗ ಅವರಿಗೆ ಪದ್ಮಶ್ರೀ ಬಂತು. ಗುಡ್ಡದ ಚರಿತ್ರಿಯೊಳಗ ನಾಯಕರ ಹೆಸರಿನ ಬಾಜೂಕ ಸೀತವ್ವನ ಹೆಸರೂ ಬರೀಬೇಕು ಅಂತೇನಿ ನಾ.

ಈಗ ಜಾತ್ರಿ ಬದಲಾಗೈತಿ. ಚಕ್ಕಡಿ ಹೋಗಿ ಟ್ರ್ಯಾಕ್ಟರ್ ಬಂತು, 2023ರ ಜೂನ್‌ದಿಂದ ಶಕ್ತಿ ಬಸ್ಸು. ಹೋದ ಸಲ ಓಣಿಯವರು ಏಳು ಮಂದಿ ಹೆಣ್ಮಕ್ಕಳ ಕೂಡಿ ಹೋದ್ವಿ. ಗಂಡಸರು ಬರಲಿ ಅಂತ ಕಾಯಲಿಲ್ಲ, ಚಾರ್ಜ್ ಕೊಡಲಿಲ್ಲ. ನಮ್ಮ ಆಯಿ ಕಾಲಕ್ಕ ಇದನ್ನ ಹೇಳಿದ್ರ ನಗತಿದ್ಲು. ಗದ್ದಲಂದ್ರ ಕಾಲಿಡಾಕ ಜಾಗಾ ಇಲ್ಲ. ಬಸ್ಸಿನ್ಯಾಗ ಪಾತ್ರಿ ಪಡಗ ಒಯ್ಯಾಕ ಆಗೂದಿಲ್ಲ, ಅದಕ್ಕ ಮನ್ಯಾಗ ಹೋಳಗಿ, ಕಡಬು ಮಾಡಿ ಡಬ್ಬ್ಯಾಗ ಒಯ್ದಿದ್ವಿ, ಅನ್ನಾ ಅಷ್ಟ ಅಲ್ಲಿ ಮಾಡಿದ್ವಿ. ಬಾಜೂಕ ಕೊಲ್ಲಾಪುರ ಕಡಿಯವರು. ನಮ್ಮ ಶೇಂಗಾ ಹೋಳಗಿ ಅವರಿಗೆ, ಅವರ ಪೂರಣಪೋಳಿ ನಮಗ. ಅವರಿಗೆ ಕನ್ನಡ ಅಷ್ಟಕ್ಕಷ್ಟ, ನಮಗ ಮರಾಠಿ ಅಷ್ಟಕ್ಕಷ್ಟ. ಉಣ್ಣಾಕ ಭಾಷಾ ಏನೂ ಅಡ್ಡಿ ಆಗಲಿಲ್ಲ.

ಈ ಸಲ ಹೋಗೂವರಿಗೆ ಎರಡ ಮಾತು. ಪಡಲಗಿ ತುಂಬಿಸಿದ ಮ್ಯಾಲ ಮೊದಲನೇ ಪಾಲು ಒಬ್ಬಾಕಿನ ಕುಂತಾಕಿಗೆ ಕೊಡ್ರಿ, ಭಿಕ್ಷಾದಂಗ ನೀಡಬ್ಯಾಡ್ರಿ, ಬಾಜೂಕ ಕುಂದ್ರಿಸಿಕೊಂಡು ಉಣಿಸ್ರಿ. ಮತ್ತ ಯಾವುದರ ಸಣ್ಣ ಹುಡಿಗಿಗೆ ಮುತ್ತು ಕಟ್ಟತಾರಂತ ಕಿವಿಗೆ ಬಿದ್ರ 1098ಕ್ಕ ಫೋನ್ ಹಚ್ಚರಿ, ಮಕ್ಕಳ ಸಹಾಯವಾಣಿ ಅದು, ರೊಕ್ಕ ಬೀಳೂದಿಲ್ಲ. ಅವ್ವ ಯಲ್ಲಮ್ಮ ಇದಕ್ಕ ಸಿಟ್ಟಾಗೂದಿಲ್ಲ.