ರಸವುಳ್ಳದ್ದಕ್ಕೆ ಕನ್ನಡದ ಹೆಸರುಗಳು

ಕಚ್ಚಿದೊಡನೆ ಬಾಯಿ ತುಂಬುವ ಹಣ್ಣನ್ನು ಬಣ್ಣಿಸಲು ಇಂದಿನ ಬರವಣಿಗೆಯ ಕನ್ನಡವು ಸಾಮಾನ್ಯವಾಗಿ 'ರಸಭರಿತ' ಎಂಬ ವಿಶೇಷಣವನ್ನು ಬಳಸುತ್ತದೆ. ಅದರ ಸಮಾನಾರ್ಥಕವೆಂದು ನಿಘಂಟಿನಲ್ಲಿ ಕಾಣುವ 'ರಸವತ್ತಾದ' ಎಂಬ ಮಾತು ಬಳಕೆಯಲ್ಲಿ ಬೇರೆ ದಾರಿ ಹಿಡಿದಿದ್ದು, ಹಣ್ಣಿಗಿಂತ ಹೆಚ್ಚಾಗಿ ಕಥೆ, ಪ್ರಸಂಗ, ಸಂಭಾಷಣೆಗಳಿಗೆ ಅಂಟಿಕೊಂಡಿದೆ. ಇವುಗಳ ವಿರುದ್ಧಪದವಾಗಬೇಕಿದ್ದ 'ನೀರಸ'ವಂತೂ ಆಹಾರವನ್ನು ಬಹುಮಟ್ಟಿಗೆ ಬಿಟ್ಟುಕೊಟ್ಟು ಭಾಷಣಕ್ಕೂ ಬದುಕಿಗೂ ಸಂದಿದೆ. ರಸವಾರಿದ ಮೂಲಂಗಿಯನ್ನು ಯಾರೂ ನೀರಸವೆನ್ನುವುದಿಲ್ಲ, ಬೆಂಡಾಗಿದೆ ಎನ್ನುತ್ತಾರೆ. ಒಂದೇ ಮೂಲದ ಪದಗಳು ಹೀಗೆ ಕವಲೊಡೆದದ್ದಕ್ಕೆ ಕಾರಣ 'ರಸ' ಎಂಬ ಸಂಸ್ಕೃತ ಪದದ ಅರ್ಥವೈಶಾಲ್ಯದಲ್ಲಿದೆ.

ರಸವೆಂದರೆ ದ್ರವವೂ ಹೌದು, ನಾಲಗೆಗೆ ತಿಳಿಯುವ ರುಚಿಯೂ ಹೌದು. ಆಯುರ್ವೇದವು ಸಿಹಿ, ಹುಳಿ, ಉಪ್ಪು, ಖಾರ, ಕಹಿ, ಒಗರುಗಳನ್ನು ಷಡ್ರಸಗಳೆಂದು ಎಣಿಸುವುದರ ಜೊತೆಗೆ, ಉಂಡ ಅನ್ನವು ಜೀರ್ಣವಾಗಿ ದೇಹದಲ್ಲಿ ಮೊದಲು ತಳೆಯುವ ರೂಪವನ್ನೂ ರಸಧಾತುವೆಂದೇ ಕರೆಯುತ್ತದೆ. ಭರತನ ನಾಟ್ಯಶಾಸ್ತ್ರದ ಆರನೆಯ ಅಧ್ಯಾಯವು ಕಲೆಯ ರಸವನ್ನು ವಿವರಿಸುವಾಗ, ಹಲವು ವ್ಯಂಜನಗಳು ಬೆರೆತ ಅಡುಗೆಯನ್ನು ಉಣ್ಣುವವನು ಸವಿಯುವ ಬಗೆಯನ್ನೇ ದೃಷ್ಟಾಂತವಾಗಿ ಕೊಡುತ್ತದೆ. ಭೌಗೋಳಿಕ ಸೂಚಕದ ಮಾನ್ಯತೆ ಪಡೆದ ನಂಜನಗೂಡು ರಸಬಾಳೆಯ ಹೆಸರಿನಲ್ಲಿರುವ ರಸವನ್ನೂ ಈ ಹಿನ್ನೆಲೆಯಲ್ಲಿ ಓದಬೇಕಾಗುತ್ತದೆ: ಬಾಳೆಹಣ್ಣಿನಿಂದ ದ್ರವವೇನೂ ಒಸರುವುದಿಲ್ಲವಾದ್ದರಿಂದ, ಅಲ್ಲಿ ರುಚಿ ಎಂಬ ಅರ್ಥವೇ ಹೊಂದುತ್ತದೆ. ಹಳೆ ಮೈಸೂರಿನ ರಸಪುರಿ ಮಾವಿಗಾದರೋ ಎರಡೂ ಅರ್ಥಗಳು ಒಪ್ಪುತ್ತವೆ.

ಇಷ್ಟು ವಿಶಾಲವಾದ ಪದವೊಂದು ಕೈಗೆ ಸಿಕ್ಕಿದ ಮೇಲೂ ಆಡುಗನ್ನಡವು ಅದೊಂದನ್ನೇ ನೆಚ್ಚಿ ಕುಳಿತಿಲ್ಲ. ದ್ರವವು ಎಲ್ಲಿಂದ ಬಂತು, ಹೇಗೆ ಬಂತು ಎಂಬುದನ್ನು ನೋಡಿ ಪ್ರತಿಯೊಂದಕ್ಕೂ ಬೇರೆ ಹೆಸರಿಟ್ಟಿದೆ. ಆಲೆಮನೆಯ ಗಾಣದಲ್ಲಿ ಕಬ್ಬನ್ನು ಅರೆದಾಗ ಬರುವುದು ಕಬ್ಬಿನ ಹಾಲು, ತುರಿದ ಕಾಯನ್ನು ರುಬ್ಬಿ ಹಿಂಡಿದರೆ ಬರುವುದು ಕಾಯಿಹಾಲು, ಎಳೆಯ ತೆಂಗಿನಕಾಯಿಯೊಳಗೆ ತಾನಾಗಿ ತುಂಬಿಕೊಂಡಿರುವುದು ಎಳನೀರು. ಮಾವಿನ ತೊಟ್ಟು ಮುರಿದಾಗ ಒಸರಿ ತುಟಿ ಸುಡುವ ದ್ರವವು ಸೊನೆಯೇ ಹೊರತು ರಸವಲ್ಲ. ಬೇಳೆ ಬೇಯಿಸಿ ಬಸಿದ ನೀರು ಕಟ್ಟು. ಹೋಳಿಗೆಯ ಹೂರಣಕ್ಕೆಂದು ಬೇಯಿಸಿದ ಬೇಳೆಯ ಈ ಕಟ್ಟಿನಿಂದಲೇ ಕಟ್ಟಿನ ಸಾರು ಸಿದ್ಧವಾಗುತ್ತದೆ. ಕಾಳು ಸೊಪ್ಪುಗಳನ್ನು ಬೇಯಿಸಿ ಬಸಿದ ನೀರಿನಿಂದ ಮಾಡುವ ಮಂಡ್ಯ, ಮೈಸೂರು ಸೀಮೆಯ ಬಸ್ಸಾರು ತನ್ನನ್ನು ಮಾಡುವ ಕ್ರಿಯೆಯನ್ನೇ ಹೆಸರಾಗಿ ಹೊತ್ತಿದೆ.

ಈ ಸಾರು ಎಂಬ ಪದದ ಬಾಳು ಗಮನಾರ್ಹವಾದುದು. ತಿರುಳು ಎಂಬ ಅರ್ಥದ 'ಸಾರ'ವು ಸಂಸ್ಕೃತದ್ದು. ಅದರಂತೆಯೇ ಕೇಳಿಸುವ 'ಸಾರು' ದ್ರಾವಿಡ ಮೂಲದ್ದು. ತಮಿಳಿನಲ್ಲಿ ಇದರ ಜ್ಞಾತಿಪದವು ಇಂದಿಗೂ ಹಣ್ಣು, ಕಬ್ಬುಗಳಿಂದ ಹಿಂಡಿ ತೆಗೆದ ದ್ರವವನ್ನು ಸೂಚಿಸುತ್ತದೆ, ಅನ್ನಕ್ಕೆ ಕಲಸಿಕೊಳ್ಳುವ ಹುಳಿಖಾರದ ತಿಳಿಗೆ ಅಲ್ಲಿ 'ರಸಂ' ಎಂಬ ಹೆಸರಿದೆ. ಕನ್ನಡದಲ್ಲಿ ಇದು ತಿರುಗುಮುರುಗಾಗಿ, ರಸವು ಹಣ್ಣಿನ ಕಡೆಗೂ ಸಾರು ಅನ್ನದ ಕಡೆಗೂ ಸರಿದಿವೆ. ನೆರೆಯ ಎರಡು ಭಾಷೆಗಳು ಒಂದೇ ಜೋಡಿ ಪದಗಳನ್ನು ಇಟ್ಟುಕೊಂಡು ಕೆಲಸವನ್ನು ಮಾತ್ರ ಅದಲುಬದಲಾಗಿ ಹಂಚಿಕೊಂಡಿವೆ.

ಹಣ್ಣಿನ ಗುಣವನ್ನು ಹೇಳುವಾಗಲೂ ಆಡುಮಾತಿನ ಜಾಡು ಇಂಥದೇ. ಕರಾವಳಿಯಲ್ಲಿ ತೊಳೆ ಗಟ್ಟಿಯಾಗಿದ್ದು ಕಚ್ಚಿ ತಿನ್ನಬೇಕಾದ ಹಲಸನ್ನು ಬಕ್ಕೆಯೆಂದೂ, ತೊಳೆ ಮೆತ್ತಗೆ ಲೋಳೆಯಾಗಿ ಗಂಟಲಿಗೆ ಜಾರುವುದನ್ನು ತುಳುವವೆಂದೂ ವಿಂಗಡಿಸುತ್ತಾರೆ. ಹಣ್ಣಿನ ಕಡುಬಿಗೆ ತುಳುವ ಚೆನ್ನಾಗಿ ಒದಗುವುದರಿಂದ ಹೆಸರು ಹೇಳಿದೊಡನೆ ಅಡುಗೆಯೂ ಹೊಳೆಯುತ್ತದೆ. ಮಾವಿನಲ್ಲಿ ಕೊಯ್ದು ತಿನ್ನುವ ಹಣ್ಣು ಬೇರೆ, ಹಿಸುಕಿ ಮೆದುಮಾಡಿ ಚೀಪುವ ಹಣ್ಣು ಬೇರೆ. 'ಚೀಪುವ ಹಣ್ಣು' ಎಂದಾಗ ರಸವಿದೆಯೆಂದು ಬಿಡಿಸಿ ಹೇಳಬೇಕಾಗಿಲ್ಲ, ಏಕೆಂದರೆ ತಿನ್ನುವ ಕ್ರಿಯೆಯೇ ಅದನ್ನು ಹೇಳಿಬಿಡುತ್ತದೆ. ಹಿಂಡು, ಹಿಸುಕು, ಚೀಪು, ಹೀರು, ಸುರಿ, ಬಸಿ, ಒಸರು, ಜಿನುಗು ಎಂಬ ಕ್ರಿಯಾಪದಗಳ ಈ ಸಂಪತ್ತೇ ಕನ್ನಡದಲ್ಲಿ ವಿಶೇಷಣದ ಹೊರೆಯನ್ನು ಬಹುಪಾಲು ಹೊತ್ತುಕೊಂಡಿದೆ.

ಇದನ್ನು ಮರೆತ ಅಡುಗೆಯ ಬರಹಗಳಲ್ಲಿ ಹಣ್ಣು, ಸಿಹಿತಿಂಡಿ, ಮಾಂಸಗಳೆಲ್ಲವೂ ಒಂದೇ ರೀತಿ ರಸಭರಿತವಾಗುತ್ತವೆ. ಜಾಮೂನಿನೊಳಗೆ ಇಳಿದಿರುವುದು ಸಕ್ಕರೆಯ ಪಾಕ. ಅದನ್ನು ಪಾಕ ಹೀರಿದ ಜಾಮೂನು ಎಂದರೆ ಮಾಡುವ ಬಗೆಯೂ ತಿಳಿಯುತ್ತದೆ. ಮಾಂಸದ ರಸವನ್ನು ತುಂಡಿನೊಳಗೇ ಹಿಡಿದಿಡುವುದು ಸುಡುವ ಅಡುಗೆಯ ಗುರಿಯಾದರೆ, ಮುದ್ದೆಯೊಂದಿಗೆ ಬಾಡಿನ ಸಾರು ಉಣ್ಣುವ ಸೀಮೆಯಲ್ಲಿ ಆ ರಸವು ಸಾರಿಗೆ ಇಳಿಯಬೇಕು, ತುಂಡು ಹದವಾಗಿ ಬೆಂದಿರಬೇಕು. ಆದ್ದರಿಂದ ರಸಭರಿತವೆಂಬ ಪದವನ್ನು ತೊರೆಯಬೇಕಾಗಿಲ್ಲವಾದರೂ, ಕಿತ್ತಳೆಯಂಥ ಹಣ್ಣುಗಳಿಗೆ ಅದನ್ನು ಉಳಿಸಿಕೊಂಡು, ಉಳಿದೆಡೆ ಹಾಲು, ಪಾಕ, ಕಟ್ಟು, ಸೊನೆ, ತುಳುವಗಳನ್ನು ಅವುಗಳ ಹೆಸರಿನಿಂದಲೇ ಕರೆಯುವುದು ಲೇಖಕರ ಹೊಣೆ; ಈ ಹೆಸರುಗಳಲ್ಲಿ ಒಂದೊಂದು ಬೆಳೆಯ, ಒಂದೊಂದು ಒಲೆಯ ತಿಳಿವಳಿಕೆ ಅಡಗಿರುವುದರಿಂದ, ಅವು ಬರಹದಿಂದ ಮರೆಯಾದರೆ ಆ ತಿಳಿವಳಿಕೆಯೂ ಮುಂದಿನವರಿಗೆ ದಕ್ಕದೆ ಹೋಗುತ್ತದೆ.